ಹಳೆಯ ಪಿಕಪ್: ರಿಪೇರಿಯೋ, ಬದಲಿಯೋ? ಕ್ಯಾಂಪಿಂಗ್‌ಗೆ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೊದಲ ಪಿಕಪ್ 2008ರದು. ಹದಿಮೂರು ವರ್ಷ ಓಡಿಸಿ, ಅದಕ್ಕೆ ಮಾಡಬಾರದ ಖರ್ಚನ್ನೆಲ್ಲ ಮಾಡಿ, 2021ರಲ್ಲಿ ಮಾರಿದೆ. ಈಗಿರುವುದು 2014ರ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ ಪಿಕಪ್), ಸೆಕೆಂಡ್ ಹ್ಯಾಂಡ್. ಇದನ್ನು ಮಾರುವ ಯೋಚನೆ ಸದ್ಯಕ್ಕಿಲ್ಲ. ಎರಡರ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಜಗಳಕ್ಕೆ ಬರುತ್ತಾರೆ, ಉಳಿದರ್ಧ ಜನ ಅದನ್ನೇ ಕೊಳ್ಳಲು ಹೊರಡುತ್ತಾರೆ. ಮಲೆನಾಡು, ಕರಾವಳಿ, ಬಯಲುಸೀಮೆ ಸುತ್ತುವ ಗೆಳೆಯರು ಈ ವಿಷಯದಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟರೆ ನನಗೂ ಬಾಯಿನೋವು ತಪ್ಪುತ್ತದೆ.

ನನ್ನ ಪಿಕಪ್‌ಗೆ ಹದಿಮೂರು ವರ್ಷ, ಓಡಿದ್ದು ಒಂದೂವರೆ ಲಕ್ಷ ಕಿಲೋಮೀಟರ್. ಮಾರುವ ಕಾಲ ಬಂತೇ?

ಈ ಎರಡು ಸಂಖ್ಯೆಗಳಿಂದ ಏನೂ ತಿಳಿಯುವುದಿಲ್ಲ. ಚಿತ್ರದುರ್ಗದಲ್ಲಿ ಶೆಡ್ಡಿನ ಕೆಳಗೆ ನಿಂತು ಮೂರು ಲಕ್ಷ ಕಿಲೋಮೀಟರ್ ಓಡಿದ ಗಾಡಿ ಗಟ್ಟಿಯಾಗಿರಬಹುದು. ಕುಂದಾಪುರದಲ್ಲಿ ಮನೆಯ ಮುಂದೆ ಉಪ್ಪುಗಾಳಿಗೆ ಮೈಯೊಡ್ಡಿ ನಿಂತು ಅರವತ್ತು ಸಾವಿರವಷ್ಟೇ ಓಡಿದ ಗಾಡಿಯ ಹೊಟ್ಟೆ ಟೊಳ್ಳಾಗಿರಬಹುದು. ಮೊದಲು ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ನೋಡಿ. ಆಮೇಲೆ ಆರ್‌ಸಿ ಪುಸ್ತಕದ ದಿನಾಂಕ ನೋಡಿ. ಎಂಜಿನ್, ಗೇರ್‌ಬಾಕ್ಸ್, ಎಸಿ, ಸೀಟು, ಬಣ್ಣ ಇವೆಲ್ಲ ಹಣ ಕೊಟ್ಟರೆ ಸರಿಹೋಗುವ ಬಾಬತ್ತುಗಳು. ಚಾಸಿ ಹೋಯಿತೆಂದರೆ ನಿಮ್ಮ ಬಳಿ ಇರುವುದು ಪಿಕಪ್ ಅಲ್ಲ, ಪಿಕಪ್‌ನ ಬಿಡಿಭಾಗಗಳ ರಾಶಿ.

ಚಾಸಿಯನ್ನು ನಾನೇ ನೋಡಬಹುದೇ? ಏನನ್ನು ನೋಡಬೇಕು?

ನೋಡಬಹುದು, ನೋಡಲೇಬೇಕು. ಸರ್ವೀಸಿಗೆ ಬಿಟ್ಟಾಗ ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿರುವ ಹತ್ತು ನಿಮಿಷ ಸಾಕು. ಟಾರ್ಚ್, ಸಣ್ಣ ಸುತ್ತಿಗೆ, ಒಂದು ಹಳೆಯ ಸ್ಕ್ರೂಡ್ರೈವರ್ ಜೊತೆಗಿರಲಿ. ಉದ್ದಕ್ಕೂ ಹೋಗುವ ಎರಡು ತೊಲೆಗಳನ್ನು ಮುಂದಿನಿಂದ ಹಿಂದಿನವರೆಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಕಬ್ಬಿಣ ಕಂಚಿನ ತಟ್ಟೆಯಂತೆ ಠಣ್ ಎನ್ನುತ್ತದೆ. ಒಳಗೆ ತುಕ್ಕು ಹಿಡಿದಿದ್ದರೆ ಒಡಕು ಮಡಕೆ ಬಡಿದಂತೆ ಮಂಕು ಸದ್ದು ಬರುತ್ತದೆ. ಅನುಮಾನ ಬಂದ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಮೇಲಿನ ಕೆಂಪು ಹುಡಿ ಉದುರಿ ಕೆಳಗೆ ಗಟ್ಟಿ ಲೋಹ ಸಿಕ್ಕರೆ ಅದು ಮೇಲ್ಮೈ ತುಕ್ಕು, ಅಂಜಬೇಕಾಗಿಲ್ಲ. ಪದರ ಪದರವಾಗಿ ಎದ್ದು ಬಂದರೆ ಚಿಂತಿಸಬೇಕು. ಸ್ಕ್ರೂಡ್ರೈವರ್ ಒಳಗೇ ಹೋಯಿತೆಂದರೆ ಮುಂದಿನ ಪ್ರಶ್ನೆಗಳನ್ನು ಓದುವ ಅಗತ್ಯವೇ ಇಲ್ಲ.

ಮುಖ್ಯವಾಗಿ ನೋಡಬೇಕಾದ ಜಾಗಗಳು ಕೆಲವಿವೆ. ಹಿಂದಿನ ಕಮಾನು ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಚಾಸಿಗೆ ಕಟ್ಟಿರುವ ಬ್ರಾಕೆಟ್ಟುಗಳಲ್ಲಿ ಕೆಸರು ಕೂತು ವರ್ಷಗಟ್ಟಲೆ ಒದ್ದೆಯಾಗಿರುತ್ತದೆ. ಕ್ಯಾಬಿನ್ ಮುಗಿದು ಹಿಂಬದಿಯ ತೊಟ್ಟಿ ಶುರುವಾಗುವ ಸಂದಿ ಇನ್ನೊಂದು. ಹೆಚ್ಚು ಭಾರ ಹೇರಿ ಹೊಂಡಗಳಲ್ಲಿ ಓಡಿಸಿದ ಗಾಡಿಯ ಚಾಸಿ ಬಾಗುವುದು, ಬಿರುಕು ಬಿಡುವುದು ಇಲ್ಲಿಯೇ. ಪಕ್ಕದಲ್ಲಿ ನಿಂತು ನೋಡಿದರೆ ಕ್ಯಾಬಿನ್ ಮತ್ತು ತೊಟ್ಟಿಯ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯಲ್ಲಿರಬೇಕು. ಮೇಲೆ ಅಗಲ, ಕೆಳಗೆ ಕಿರಿದು ಆಗಿದ್ದರೆ ಬೆನ್ನು ಬಾಗಿದೆ ಎಂದೇ ಅರ್ಥ. ಒಮ್ಮೊಮ್ಮೆ ಕ್ಯಾಬಿನ್ನನ್ನು ಚಾಸಿಯ ಮೇಲೆ ಕೂರಿಸುವ ರಬ್ಬರ್ ಬುಷ್ ಸವೆದರೂ ಹೀಗೆ ಕಾಣುವುದುಂಟು, ಹಾಗಾಗಿ ಬುಷ್ ಬದಲಿಸಿ ಇನ್ನೊಮ್ಮೆ ಅಳೆಯಿರಿ.

ನನ್ನ ಹಳೆಯ ಗಾಡಿಯ ಕಥೆಯೂ ಇದೇ. ಮರವಂತೆಯ ಬಳಿ ಎಷ್ಟೋ ರಾತ್ರಿ ಅದನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸಿ ಮಲಗಿದ್ದೇನೆ. ಹಿಂದಿರುಗಿದ ಮೇಲೆ ಮೇಲ್ಭಾಗವನ್ನು ಮಾತ್ರ ತೊಳೆಯುತ್ತಿದ್ದೆ. ನಾಲ್ಕನೆಯ ವರ್ಷ ಯಾರದೋ ಮಾತು ಕೇಳಿ ಅಡಿಗೆ ದಪ್ಪನೆಯ ಕಪ್ಪು ಕೋಟಿಂಗ್ ಹೊಡೆಸಿದೆ. ಆಗಲೇ ಒಳಗೆ ಉಪ್ಪೂ ತೇವವೂ ಇದ್ದವು. ಕೋಟಿಂಗ್ ಅವೆರಡನ್ನೂ ಭದ್ರವಾಗಿ ಒಳಗಿಟ್ಟು ಮುಚ್ಚಳ ಹಾಕಿತು. ಹೊರಗೆ ಹೊಳೆಯುವ ಕಪ್ಪು, ಒಳಗೆ ಕೊಳೆ. ತುಕ್ಕನ್ನು ಪೂರ್ತಿ ಕೆರೆದು, ಒಣಗಿಸಿ, ಪ್ರೈಮರ್ ಹೊಡೆಯದೆ ಯಾವ ಕೋಟಿಂಗನ್ನೂ ಮಾಡಿಸಬೇಡಿ. ಕಡಲತೀರದಿಂದ ಬಂದ ದಿನವೇ ಸಿಹಿನೀರಿನಲ್ಲಿ ಗಾಡಿಯ ಹೊಟ್ಟೆ ತೊಳೆಯಿರಿ. ಅದರಷ್ಟು ಅಗ್ಗದ ಅಪ್‌ಗ್ರೇಡ್ ಇನ್ನೊಂದಿಲ್ಲ.

ತುಕ್ಕು ಹಿಡಿದ ಕಡೆ ಪ್ಲೇಟ್ ಇಟ್ಟು ವೆಲ್ಡ್ ಮಾಡಿಸಿದರಾಗದೇ?

ತೊಟ್ಟಿಯ ತಳಕ್ಕೆ, ಫುಟ್‌ಬೋರ್ಡಿಗೆ, ಬ್ರಾಕೆಟ್ಟಿಗೆ ಆಗುತ್ತದೆ. ಮುಖ್ಯ ತೊಲೆಗೆ ಒಂದು ಕಡೆ ಮಾತ್ರ ತೂತಾಗಿದ್ದರೆ, ಲಾರಿ ಚಾಸಿ ಕೆಲಸದಲ್ಲಿ ಕೈಪಳಗಿದವರು ಮಾಡಿದರೆ, ಆದೀತು. ಮೂರು ನಾಲ್ಕು ಕಡೆ ತೂತಿದ್ದರೆ ಬೇಡ. ಘಾಟಿಯ ಇಳಿಜಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಳಿಯುವ ಗಾಡಿ ಇದು.

ಎಂಜಿನ್ ಹೊಗೆ ಬಿಡುತ್ತಿದೆ. ಅದರ ಆಯುಷ್ಯ ಮುಗಿಯಿತೇ?

ಹೊಗೆಯ ಬಣ್ಣ ನೋಡಿ. ಏರಿನಲ್ಲಿ ಕಪ್ಪು ಹೊಗೆ ಬಂದರೆ ಗಾಳಿಗಿಂತ ಡೀಸೆಲ್ ಹೆಚ್ಚು ಹೋಗುತ್ತಿದೆ ಎಂದರ್ಥ. ಕಟ್ಟಿಕೊಂಡ ಏರ್ ಫಿಲ್ಟರ್, ಸೋರುವ ಟರ್ಬೊ ಪೈಪ್, ಸವೆದ ಇಂಜೆಕ್ಟರ್, ಮಸಿ ತುಂಬಿದ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಕವಾಟ) ಇವುಗಳಲ್ಲಿ ಒಂದು ಕಾರಣವಾಗಿರಬಹುದು. ಯಾವುದೂ ಗಾಡಿ ಮಾರುವಷ್ಟು ದೊಡ್ಡದಲ್ಲ. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಟರ್ಬೊ ಸೀಲೋ ಪಿಸ್ಟನ್ ರಿಂಗೋ ಸವೆದಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಕಡಿಮೆಯಾಗುತ್ತ ಹೋದರೆ ಎಂಜಿನ್ನಿನ ತಲೆ ಮತ್ತು ಬ್ಲಾಕಿನ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಕಡೆ ಬೆರಳು ತೋರಿಸಬಹುದು.

ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು ಅಲ್ಲೇ ಮಗುಚಿಡಿ. ತುಸು ಅಲುಗಾಡಿದರೆ ಸರಿ. ಹೊಗೆಯ ರಭಸಕ್ಕೆ ಮುಚ್ಚಳವೇ ಹಾರಿದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಊಹೆಯ ಮೇಲೆ ಎಂಜಿನ್ ಬಿಚ್ಚಿಸಬೇಡಿ. ಚಾಸಿ ಗಟ್ಟಿಯಿದ್ದರೆ ಎಂಜಿನ್ ರೀಬೋರ್ (ಸವೆದ ಸಿಲಿಂಡರ್ ಕೊರೆದು ಹೊಸ ಪಿಸ್ಟನ್ ಹಾಕುವುದು) ಮಾಡಿಸಿದರೂ ನಷ್ಟವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಈ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇನ್ನೂ ಇದ್ದಾರೆ.

ಹದಿನೈದು ವರ್ಷ ತುಂಬಿದರೆ ಗುಜರಿಗೆ ಹಾಕಲೇಬೇಕಂತೆ, ನಿಜವೇ?

ಕರ್ನಾಟಕದಲ್ಲಿ ಬಿಳಿ ಬೋರ್ಡಿನ ಖಾಸಗಿ ವಾಹನಕ್ಕೆ ಅದು ನಿಜವಲ್ಲ. ನೋಂದಣಿ 15 ವರ್ಷದವರೆಗೆ ಊರ್ಜಿತ. ಆಮೇಲೆ ಫಾರಂ 25 ಸಲ್ಲಿಸಿ, ಗಾಡಿಯನ್ನು ತಪಾಸಣೆಗೆ ಒಯ್ದು, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ತಡ ಮಾಡಿದರೆ ಕಾರು, ಪಿಕಪ್‌ಗಳಿಗೆ ತಿಂಗಳಿಗೆ 500 ರೂಪಾಯಿ ದಂಡ ಬೆಳೆಯುತ್ತ ಹೋಗುತ್ತದೆ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದ ವಾಹನಗಳಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಿದರು. ಇದರ ಮೇಲೆ ಹಸಿರು ತೆರಿಗೆಯೂ ಇದೆ. ಎಲ್ಲ ಕೂಡಿಸಿದರೂ ಹೊಸ ಗಾಡಿಯ ಒಂದು ತಿಂಗಳ ಕಂತಿನಷ್ಟು ಆಗುವುದಿಲ್ಲ.

ನಿಜವಾದ ಖರ್ಚು ಶುಲ್ಕದ್ದಲ್ಲ, ತಪಾಸಣೆಗೆ ಗಾಡಿಯನ್ನು ಸಿದ್ಧಪಡಿಸುವುದು. ಬ್ರೇಕು, ದೀಪ, ಟೈರು, ಹೊಗೆ ಎಲ್ಲ ಸರಿಯಿರಬೇಕು. ನೀವು ಪ್ರೀತಿಯಿಂದ ಸಿಕ್ಕಿಸಿರುವ ಬಂಪರ್, ದೀಪಗಳ ಸಾಲು ಎಲ್ಲವೂ ಅವತ್ತು ಮಾತ್ರ ಅಧಿಕಾರಿಯ ಕಣ್ಣಿಗೆ ಎದ್ದು ಕಾಣುತ್ತವೆ.

ಹಳೆಯ ಡೀಸೆಲ್ ಪಿಕಪ್‌ನಲ್ಲಿ ಲಡಾಖ್‌ಗೆ ಹೋಗಬಹುದೇ?

ಗಾಡಿ ಹೋಗುತ್ತದೆ, ದಾರಿ ನೋಡಿಕೊಳ್ಳಿ. ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಾಕಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದರ ಬಗ್ಗೆ ಹೊಸ ಆದೇಶಗಳು ಬರುತ್ತಲೇ ಇವೆ. ಹೊರಡುವ ವಾರ ಆಗಿನ ಸ್ಥಿತಿ ವಿಚಾರಿಸಿಕೊಳ್ಳಿ, ಇಲ್ಲವೇ ರಾಜಧಾನಿ ವಲಯದೊಳಗೆ ಹೋಗದೆ ಸುತ್ತಿಕೊಂಡು ಹೋಗುವ ದಾರಿ ಹಿಡಿಯಿರಿ.

ತೊಟ್ಟಿಯನ್ನು ಮುಚ್ಚುವ ಕ್ಯಾನೊಪಿ, ಮೇಲೊಂದು ರೂಫ್ ಟೆಂಟ್, ಫ್ರಿಜ್ ಎಲ್ಲ ಹಾಕಿಸಬೇಕೆಂದಿದ್ದೇನೆ. ನನ್ನ ಗಾಡಿ ತಡೆಯುತ್ತದೆಯೇ?

ಇದನ್ನು ಅಂಗಡಿಯವರನ್ನು ಕೇಳಬೇಡಿ, ಆರ್‌ಸಿಯನ್ನು ಕೇಳಿ. ಅದರಲ್ಲಿ ಎರಡು ತೂಕಗಳಿರುತ್ತವೆ, ಖಾಲಿ ಗಾಡಿಯದು ಮತ್ತು ಭಾರ ಹೇರಿದ ಗಾಡಿಯದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ನಿಮ್ಮ ಪಾಲು. ಜನರೂ ಅದರೊಳಗೇ ಬರಬೇಕು, ಚಾಲಕನನ್ನೂ ಸೇರಿಸಿ.

ಕಳೆದಾಗ 500 ಕೆ.ಜಿ. ಉಳಿಯಿತು ಎಂದುಕೊಳ್ಳೋಣ. ಕೇಳುವುದಕ್ಕೆ ಅರ್ಧ ಟನ್, ಊರೇ ಹೊರಬಹುದು ಎನಿಸುತ್ತದೆ. ನಾಲ್ವರು ದೊಡ್ಡವರು ಕೂತರೆ 280. ಫೈಬರ್ ಕ್ಯಾನೊಪಿ ಸುಮಾರು 80. ರೂಫ್ ಟೆಂಟ್ 60. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನ್ 40. ಫ್ರಿಜ್ ಮತ್ತು ಅದರೊಳಗಿನ ಸಾಮಾನು 30. ಎರಡನೆಯ ಬ್ಯಾಟರಿ ಸೀಸದ್ದಾದರೆ 28. ಅಲ್ಲಿಗೇ 518 ಆಯಿತು. ಅಕ್ಕಿ, ಪಾತ್ರೆ, ಗ್ಯಾಸ್ ಸಿಲಿಂಡರ್, ಹೊದಿಕೆ, ಅತ್ತೆಯವರು ಕಟ್ಟಿಕೊಟ್ಟ ಚಕ್ಕುಲಿಯ ಡಬ್ಬಿ ಇನ್ನೂ ನೆಲದ ಮೇಲೆಯೇ ಇವೆ.

ಭಾರ ಎಷ್ಟು ಎನ್ನುವಷ್ಟೇ ಮುಖ್ಯ ಅದು ಎಲ್ಲಿದೆ ಎನ್ನುವುದು. ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಇಟ್ಟ ಭಾರ ಮುಂದಿನ ಚಕ್ರಗಳನ್ನು ಹಗುರ ಮಾಡಿ, ಸ್ಟಿಯರಿಂಗಿನ ಹಿಡಿತ ಕೆಡಿಸುತ್ತದೆ. ಮೇಲೆ ಇಟ್ಟದ್ದು ಶಿರಾಡಿ ಘಾಟಿಯ ತಿರುವುಗಳಲ್ಲಿ ಗಾಡಿಯನ್ನು ದೋಣಿಯಂತೆ ತೂಗಿಸುತ್ತದೆ. ನೀರಿನ ಕ್ಯಾನು, ಬ್ಯಾಟರಿ ಕ್ಯಾಬಿನ್ನಿನ ಬೆನ್ನಿಗೆ ತಾಗಿ ಕೆಳಗಿರಲಿ, ಹಾಸಿಗೆ ಬಟ್ಟೆ ಹಿಂದಿರಲಿ. ರೂಫ್ ಟೆಂಟ್ ತಯಾರಕರು ಹೇಳುವ ‘300 ಕೆ.ಜಿ. ತಡೆಯುತ್ತದೆ’ ಎನ್ನುವ ಮಾತು ನಿಂತ ಗಾಡಿಯದು. ಓಡುವಾಗ ಕ್ಯಾರಿಯರ್ ತಡೆಯುವ ಭಾರ ಅದಕ್ಕಿಂತ ಬಹಳ ಕಡಿಮೆ, ಅದನ್ನು ಕ್ಯಾರಿಯರ್ ಮಾಡಿದವರಿಂದಲೇ ತಿಳಿದುಕೊಳ್ಳಬೇಕು.

ಒಮ್ಮೆ ಪ್ರವಾಸದ ಎಲ್ಲ ಸಾಮಾನು, ಎಲ್ಲ ಜನರನ್ನು ಹತ್ತಿಸಿ, ಟ್ಯಾಂಕ್ ತುಂಬಿಸಿ, ಊರಾಚೆಯ ವೇಬ್ರಿಡ್ಜ್‌ನ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಳ್ಳಿ. ನಾನು ಹಾಗೆ ನಿಲ್ಲಿಸಿದ ದಿನ ಮನೆಗೆ ಬಂದು ಕಬ್ಬಿಣದ ಬಂಪರ್ ಬಿಚ್ಚಿಟ್ಟೆ. ‘ಗಾಡಿ ಹಳತಾಯಿತು, ಏರು ಹತ್ತುವುದಿಲ್ಲ’ ಎಂದು ಎರಡು ವರ್ಷ ಬೈದಿದ್ದು ಅನ್ಯಾಯವಾಗಿತ್ತು.

ಇಂಥ ಬದಲಾವಣೆಗಳಿಗೆ ಆರ್‌ಟಿಒ ಒಪ್ಪಿಗೆ ಬೇಕೇ?

ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿ ಆರ್‌ಸಿಯಲ್ಲಿ ನಮೂದಾದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಕಟ್ಟುನಿಟ್ಟಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ, ನಿಯಮ ಮೀರಿದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಗಾಡಿಯ ಮುಂದೆ ಕೂರಿಸುವ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಅಥವಾ ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು.

ನನ್ನ ಪದ್ಧತಿ ಇದು: ಸ್ಪ್ಯಾನರ್ ಹಿಡಿದು ಅರ್ಧ ಗಂಟೆಯಲ್ಲಿ ಬಿಚ್ಚಲಾಗದ ಯಾವುದನ್ನೂ ಗಾಡಿಗೆ ಹಾಕಿಸುವುದಿಲ್ಲ. ಡ್ರಾಯರ್ ಪೆಟ್ಟಿಗೆ, ಫ್ರಿಜ್, ಬ್ಯಾಟರಿ ಪೆಟ್ಟಿಗೆ, ನೆರಳಿನ ಬಟ್ಟೆ ಎಲ್ಲವೂ ಸಾಮಾನು ಎನಿಸಿಕೊಳ್ಳುತ್ತವೆ, ಗಾಡಿಯ ಅಂಗ ಎನಿಸಿಕೊಳ್ಳುವುದಿಲ್ಲ. ಎತ್ತರ, ತೂಕ, ಸೀಟುಗಳ ಸಂಖ್ಯೆ, ಎಂಜಿನ್ ಬದಲಾಗುವ ಕೆಲಸವಾದರೆ ಮೊದಲು ಆರ್‌ಟಿಒದಲ್ಲಿ ಲಿಖಿತವಾಗಿ ಕೇಳಿ. ವಿಮಾ ಕಂಪನಿಗೂ ತಿಳಿಸಿ. ತಿಳಿಸದೆ ಮಾಡಿದ ಮಾರ್ಪಾಡು ಕ್ಲೇಮಿನ ದಿನ ಮೊದಲು ಹೊರಬರುವ ವಿಷಯ.

ನನ್ನದು ಹಳದಿ ಬೋರ್ಡಿನ ಡಬಲ್ ಕ್ಯಾಬ್. ಏನಾದರೂ ವ್ಯತ್ಯಾಸವಿದೆಯೇ?

ಇದೆ. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಹಾಗಾಗಿ ವಯಸ್ಸಾದ ಹಳದಿ ಬೋರ್ಡಿಗೆ ವರ್ಷವೂ ಓಡಾಟ ತಪ್ಪದು. ತೊಟ್ಟಿಯಲ್ಲಿ ಜನರನ್ನು ಕೂರಿಸಿಕೊಂಡು ಓಡಿಸಬೇಡಿ. ಕಾನೂನಿಗೂ ವಿರುದ್ಧ, ವಿಮೆಯೂ ಕೈಬಿಡುತ್ತದೆ. ನಿಲ್ಲಿಸಿದ ಮೇಲೆ ಅದರಲ್ಲಿ ಮಲಗುವುದು ಬೇರೆ ಮಾತು.

ತೊಟ್ಟಿಯಲ್ಲಿ ಮಲಗಲು ಜಾಗ ಸಾಲುತ್ತದೆಯೇ?

ಡಬಲ್ ಕ್ಯಾಬ್‌ಗಳ ತೊಟ್ಟಿ ಸುಮಾರು ಐದು ಅಡಿ. ಹಿಂದಿನ ಡಾಲಾ (ತೊಟ್ಟಿಯ ಬಾಗಿಲು) ಇಳಿಸಿ ಅದರ ಮೇಲೂ ಹಲಗೆ ಹಾಸಿದರೆ ಆರೂವರೆ ಅಡಿಯಾಗುತ್ತದೆ. ಒಬ್ಬರೇ ಆದರೆ ಮೂಲೆಯಿಂದ ಮೂಲೆಗೆ ಮಲಗಬಹುದು. ಒಂದು ಎಚ್ಚರಿಕೆ: ಮುಚ್ಚಿದ ಕ್ಯಾನೊಪಿಯೊಳಗೆ ಇದ್ದಿಲು, ಗ್ಯಾಸ್ ಸ್ಟೌ ಉರಿಸಬೇಡಿ, ಚಳಿಗೆಂದು ಎಂಜಿನ್ ಓಡಿಸಿಟ್ಟು ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಎಚ್ಚರವೂ ಆಗುವುದಿಲ್ಲ.

ಹಿಂಭಾಗ ಕುಸಿದಿದೆ. ಕಮಾನು ಏರಿಸಿದರೆ ಸಾಕೇ?

ಹೆಚ್ಚಿನ ಹಳೆಯ ಪಿಕಪ್‌ಗಳಿಗೆ ನಾನು ಮೊದಲು ಹೇಳುವ ಕೆಲಸವೇ ಇದು. ಹದಿಮೂರು ವರ್ಷ ಹೊತ್ತ ಪಟ್ಟಿಗಳು ಚಪ್ಪಟೆಯಾಗಿರುತ್ತವೆ. ಕಮಾನು ಕೆಲಸದವರು ಅವನ್ನು ಕಾಯಿಸಿ ಮತ್ತೆ ಬಾಗಿಸಿ ಕೊಡುತ್ತಾರೆ, ಆದರೆ ಹದ ಸರಿಯಾಗದಿದ್ದರೆ ವರ್ಷದೊಳಗೆ ಮತ್ತೆ ಕುಸಿಯುತ್ತವೆ. ಹೊಸ ಪಟ್ಟಿಗಳ ಸೆಟ್ ಸಿಗುವುದಾದರೆ ಅದೇ ಒಳ್ಳೆಯದು. ಜೊತೆಗೆ ಬುಷ್, ಶ್ಯಾಕಲ್ ಪಿನ್, ಶಾಕ್ ಅಬ್ಸಾರ್ಬರ್ ಬದಲಿಸಿ. ಮೇಲೊಂದು ಹೆಚ್ಚುವರಿ ಪಟ್ಟಿ ಸೇರಿಸಿದರೆ ತೂಗು ಕಡಿಮೆಯಾಗುತ್ತದೆ, ಖಾಲಿ ಗಾಡಿಯಲ್ಲಿ ಸೊಂಟ ಮುರಿಯುತ್ತದೆ. ನೆನಪಿರಲಿ, ಪಟ್ಟಿ ಸೇರಿಸಿದರೆ ಗಾಡಿ ಎತ್ತರವಾಗಿ ನಿಲ್ಲುತ್ತದೆಯೇ ಹೊರತು ಆರ್‌ಸಿಯಲ್ಲಿರುವ ತೂಕ ಹೆಚ್ಚುವುದಿಲ್ಲ. ಬ್ರೇಕು, ಆಕ್ಸಲ್, ಚಾಸಿ ಹಳೆಯವೇ.

ಕಮಾನಿನ ಜೊತೆಗೇ ಟೈರನ್ನೂ ನೋಡಿ, ಅದರ ಗೋಡೆಯ ಮೇಲೆ ನಾಲ್ಕಂಕಿಯ ಸಂಖ್ಯೆ ಹುಡುಕಿ. 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು. ಕ್ಯಾಂಪಿಂಗ್ ಗಾಡಿಗಳು ಕಡಿಮೆ ಓಡುವುದರಿಂದ ಟೈರಿನ ಹಲ್ಲು ಸವೆಯುವ ಮೊದಲೇ ರಬ್ಬರ್ ಮುದಿಯಾಗಿರುತ್ತದೆ. ಆರು ವರ್ಷ ದಾಟಿ ಪಕ್ಕದಲ್ಲಿ ಬಿರುಕು ಕಂಡರೆ, ಹಲ್ಲು ಎಷ್ಟೇ ಇದ್ದರೂ ಬದಲಿಸಿ. ಸ್ಟೆಪ್ನಿಯದನ್ನೂ ನೋಡಿ, ಬಹುಪಾಲು ಅದು ಗಾಡಿಯಷ್ಟೇ ಹಳೆಯದು.

ನನ್ನದು ಬರೀ ಹಿಂದಿನ ಚಕ್ರ ಎಳೆಯುವ ಗಾಡಿ. ಫೋರ್ ವೀಲ್ ಡ್ರೈವ್‌ಗಾಗಿ ಬದಲಿಸಬೇಕೇ?

ಎಷ್ಟು ಸಲ ಸಿಕ್ಕಿಕೊಂಡಿದ್ದೀರಿ ಎಂದು ಪ್ರಾಮಾಣಿಕವಾಗಿ ಎಣಿಸಿ. ಖಾಲಿ ಪಿಕಪ್‌ನ ಹಿಂಭಾಗ ಹಗುರ. ಮಳೆಯಲ್ಲಿ ನೆನೆದ ಹುಲ್ಲಿನ ಮೇಲೆ, ಮಲೆನಾಡಿನ ಕೆಮ್ಮಣ್ಣಿನ ಏರಿನಲ್ಲಿ ಚಕ್ರ ಸುತ್ತುತ್ತ ನಿಂತುಬಿಡುವುದು ಅದಕ್ಕೇ. ಆಕ್ಸಲ್‌ನ ಮೇಲೆ ಎರಡು ಮೂಟೆ ಮರಳು, ಒಳ್ಳೆಯ ಟೈರು, ಸಿಕ್ಕಿಕೊಂಡ ಚಕ್ರದ ಕೆಳಗೆ ಇಡುವ ಎರಡು ಟ್ರ್ಯಾಕ್ಷನ್ ಬೋರ್ಡ್, ಸಲಿಕೆ, ಗಾಳಿ ತುಂಬುವ ಪಂಪ್ ಇದ್ದರೆ ಹತ್ತರಲ್ಲಿ ಎಂಟು ಸಲ ಹೊರಬರುತ್ತೀರಿ. ಮರಳಿನಲ್ಲಿ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಟೈರಿನ ಪಾದ ಅಗಲವಾಗಿ ಗಾಡಿ ತೇಲುತ್ತದೆ. ಟಾರ್ ರಸ್ತೆ ಸೇರುವ ಮೊದಲು ಮತ್ತೆ ತುಂಬಿಸಿ. ಉಳಿದೆರಡು ಸಲಕ್ಕೆ ಟ್ರ್ಯಾಕ್ಟರ್ ಇರುವ ರೈತರೊಬ್ಬರ ಸ್ನೇಹ ಬೇಕು, ಅದು ಫೋರ್ ವೀಲ್ ಡ್ರೈವ್ ಇದ್ದವರಿಗೂ ಬೇಕು.

ವರ್ಷಕ್ಕೆ ಮೂರು ನಾಲ್ಕು ಬಾರಿ ಮಳೆಗಾಲದಲ್ಲೇ ಕಾಫಿತೋಟದ ಒಳದಾರಿಗಳಲ್ಲಿ ಓಡಾಡುವವರಾದರೆ ಬದಲಿಸಿ. ಹಳೆಯದಕ್ಕೆ ಹೊರಗಿನಿಂದ ಫೋರ್ ವೀಲ್ ಡ್ರೈವ್ ಕೂಡಿಸಲು ಮಾತ್ರ ಹೋಗಬೇಡಿ.

ಫ್ರಿಜ್ ಓಡಿಸಲು ಎಷ್ಟು ಬ್ಯಾಟರಿ, ಎಷ್ಟು ಸೋಲಾರ್ ಬೇಕು?

ನಲವತ್ತು ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 40 ವ್ಯಾಟ್ ಎಳೆಯುತ್ತದೆ. ನಮ್ಮ ಬೇಸಗೆಯಲ್ಲಿ ಅರ್ಧ ಹೊತ್ತು ಓಡುತ್ತದೆ ಎಂದುಕೊಂಡರೆ ದಿನಕ್ಕೆ 480 ವ್ಯಾಟ್-ಅವರ್, ಅಂದರೆ 40 ಆಂಪಿಯರ್-ಅವರ್. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದಾದ್ದರಿಂದ ಒಂದು ದಿನ ನಡೆಯುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ದಿನ, ತೂಕ ಅರ್ಧಕ್ಕಿಂತ ಕಡಿಮೆ. ನೂರು ವ್ಯಾಟಿನ ಒಂದು ಫಲಕ ಹಂಪಿಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 400 ವ್ಯಾಟ್-ಅವರ್ ಕೊಟ್ಟೀತು. ಆಗುಂಬೆಯ ಜುಲೈನಲ್ಲಿ ಅದರ ಕೆಳಗೆ ನಿಂತು ಮಳೆಯಿಂದ ತಲೆ ಕಾಪಾಡಿಕೊಳ್ಳಬಹುದು.

ಗಾಡಿಯ ಮೂಲ ಬ್ಯಾಟರಿಗೆ ಫ್ರಿಜ್ ಜೋಡಿಸಬೇಡಿ. ಬೆಳಗ್ಗೆ ಸ್ಟಾರ್ಟರ್ ಟಕ್ ಎಂದು ಸುಮ್ಮನಾಗುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ.

ಹೊಸದೇ ಕೊಂಡರೆ ಏನಿದೆ ಮಾರುಕಟ್ಟೆಯಲ್ಲಿ?

ನಮ್ಮ ದೇಶದಲ್ಲಿ ಈ ಸಾಲು ಚಿಕ್ಕದು. ಟಾಟಾ ಝೆನಾನ್, ಮಹೀಂದ್ರ ಸ್ಕಾರ್ಪಿಯೊ ಗೆಟ್‌ಅವೇ ಎರಡೂ ಈಗ ಹೊಸದಾಗಿ ಸಿಗುವುದಿಲ್ಲ. 2016ರಲ್ಲಿ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಈ ವರ್ಗದ ಪ್ರಮುಖ ಹೆಸರುಗಳು. ಹೈಲಕ್ಸ್‌ನ 2.8 ಲೀಟರ್ ಎಂಜಿನ್ 204 ಪಿಎಸ್ ಶಕ್ತಿ ಕೊಡುತ್ತದೆ. ಸುರಕ್ಷತೆ, ಬ್ರೇಕು, ಏರು ಹತ್ತುವ ಸುಖ ಯಾವುದರಲ್ಲೂ ನಮ್ಮ ಹಳೆಯ ಗಾಡಿಗಳು ಇವುಗಳ ಹತ್ತಿರ ಸುಳಿಯುವುದಿಲ್ಲ, ಒಪ್ಪುತ್ತೇನೆ. ಏರ್‌ಬ್ಯಾಗ್ ಇಲ್ಲದ ಗಾಡಿಯಲ್ಲಿ ದೂರದ ಹೆದ್ದಾರಿ ಪ್ರಯಾಣವೇ ಹೆಚ್ಚಾದರೆ ಬದಲಿಸಲು ಅದೊಂದೇ ಕಾರಣ ಸಾಕು.

ಲೆಕ್ಕ ಹೀಗೆ. 30 ಲಕ್ಷದ ಗಾಡಿ ಎಂದುಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಖಾಸಗಿ ವಾಹನಕ್ಕೆ ಜೀವಾವಧಿ ತೆರಿಗೆ ಶೇ 18, ಅಂದರೆ 5.4 ಲಕ್ಷ, ಮೇಲೆ ಸೆಸ್. ವಿಮೆಯವರ ಸವಕಳಿ ಕೋಷ್ಟಕದಲ್ಲಿ ಐದನೆಯ ವರ್ಷಕ್ಕೆ ಗಾಡಿಯ ಮೌಲ್ಯ ಅರ್ಧ. ತೆರಿಗೆ, ಬಡ್ಡಿ ಎಲ್ಲ ಬಿಟ್ಟು ಈ ಸವಕಳಿಯನ್ನಷ್ಟೇ ಹಿಡಿದರೂ ವರ್ಷಕ್ಕೆ 3 ಲಕ್ಷ. ನೀವು ವರ್ಷಕ್ಕೆ ಇಪ್ಪತ್ತು ರಾತ್ರಿ ಹೊರಗೆ ಮಲಗುವವರಾದರೆ ರಾತ್ರಿಗೆ 15,000 ರೂಪಾಯಿ. ಅಷ್ಟು ಕೊಟ್ಟರೆ ಕಬಿನಿಯ ದಂಡೆಯಲ್ಲಿ ಊಟ, ಸಫಾರಿ, ಬಿಸಿನೀರು ಸಮೇತ ಮಲಗಬಹುದು. ದಿನನಿತ್ಯದ ಓಡಾಟಕ್ಕೂ ಅದೇ ಗಾಡಿಯಾದರೆ ಲೆಕ್ಕ ಬದಲಾಗುತ್ತದೆ, ಬರೀ ಕ್ಯಾಂಪಿಂಗ್‌ಗಾದರೆ ಬದಲಾಗುವುದಿಲ್ಲ.

ಬಿಎಸ್6 ಮಾಲಿನ್ಯ ನಿಯಮದ ಹೊಸ ಡೀಸೆಲ್ ಗಾಡಿಗಳು ಕಾಡಿನ ದಾರಿಗೆ ಸರಿಯೇ?

ಸರಿ, ಆದರೆ ಸ್ವಭಾವ ಬೇರೆ. 2020ರ ಏಪ್ರಿಲ್‌ನಿಂದ ಬಂದ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದು ಆಗಾಗ ಮಸಿಯನ್ನು ಸುಟ್ಟುಕೊಳ್ಳಲು ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಬಿಡದೆ ಓಡಬೇಕು. ಊರೊಳಗೇ ಹತ್ತು ನಿಮಿಷ ಓಡಿಸಿ ನಿಲ್ಲಿಸುವವರಿಗೆ ಎಚ್ಚರಿಕೆಯ ದೀಪ ಹತ್ತುತ್ತದೆ. ಸುಡುವಾಗ ಕೊಳವೆ ಕೆಂಡದಷ್ಟು ಬಿಸಿ, ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಅಮೆರಿಕದಲ್ಲಿರುವ ತಮ್ಮನ ಬಳಿ 2008ರ ಟೊಯೊಟಾ ಟಕೋಮ ಪಿಕಪ್ ಇದೆ. ಅವನಿಗೂ ಇದೇ ಮಾತೇ?

ಅವನಿಗೆ ಇನ್ನೂ ಹೆಚ್ಚು. ಉತ್ತರದ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಸುರಿಯುತ್ತಾರೆ, ಇಡೀ ಚಳಿಗಾಲ ಗಾಡಿ ಮರವಂತೆಯಲ್ಲಿ ನಿಂತಂತೆ. 2005ರಿಂದ 2010ರವರೆಗಿನ ಟಕೋಮಗಳ ಚಾಸಿ ತುಕ್ಕಿನ ಬಗ್ಗೆ ಅಲ್ಲಿ ಮೊಕದ್ದಮೆಯೇ ನಡೆದು, ತಪಾಸಣೆ ಮಾಡಿ ಅಗತ್ಯವಿದ್ದ ಕಡೆ ಚಾಸಿ ಬದಲಿಸಿಕೊಡುವ ರಾಜಿಗೆ ಟೊಯೊಟಾ 2016ರಲ್ಲಿ ಒಪ್ಪಿತು. ಅವನ ಗಾಡಿಯ ಚಾಸಿ ಬದಲಾಗಿದೆಯೇ ಎಂದು ಹಳೆಯ ದಾಖಲೆ ನೋಡಲಿ. ಹೊರಬಹುದಾದ ಭಾರ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ.

ಎಷ್ಟು ಖರ್ಚು ಬಂದಾಗ ‘ಸಾಕು’ ಎನ್ನಬೇಕು?

ಗಾಡಿಯ ಮಾರಾಟ ಬೆಲೆಯ ಅರ್ಧ ದಾಟಿದರೆ ಬಿಡಿ ಎನ್ನುವ ಸೂತ್ರ ಪ್ರಚಲಿತದಲ್ಲಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಎರಡೂವರೆ ಲಕ್ಷ ಬೆಲೆಯ ಗಟ್ಟಿ ಗಾಡಿಗೆ ಒಂದೂವರೆ ಲಕ್ಷ ಹಾಕಿ ಐದು ವರ್ಷ ನಿಶ್ಚಿಂತೆಯಾಗಿ ಓಡಿಸಿದರೆ ವರ್ಷಕ್ಕೆ 30,000 ಆಯಿತು. ಅದೇ ಹಣವನ್ನು ಟೊಳ್ಳು ಚಾಸಿಯ ಮೇಲೆ ಹಾಕಿದರೆ ಅಷ್ಟೂ ನೀರಿನಲ್ಲಿ ಹೋಮ. ನಾನು ಮೊದಲ ಗಾಡಿಗೆ ಮಾಡಿದ್ದು ಎರಡನೆಯದನ್ನು. ಕೊನೆಯ ಎರಡು ವರ್ಷಗಳಲ್ಲಿ ಹೊಸ ಸೀಟು, ಹೊಸ ದೀಪ, ಬಣ್ಣ, ಮ್ಯೂಸಿಕ್ ಸಿಸ್ಟಂ ಎಲ್ಲ ಹಾಕಿಸಿದೆ. ಅಡಿಯಲ್ಲಿ ಏನಾಗುತ್ತಿದೆ ಎಂದು ಬಗ್ಗಿ ನೋಡಲು ಮನಸ್ಸಿರಲಿಲ್ಲ, ಅದಕ್ಕೇ ಮೇಲೆ ಅಲಂಕಾರ ಮಾಡುತ್ತಿದ್ದೆ.

ಗುಜರಿಗೆ ಹಾಕಿದರೆ ಏನಾದರೂ ಸಿಗುತ್ತದೆಯೇ?

ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ, ಮೂಲೆಯ ಗುಜರಿ ಅಂಗಡಿಗೆ ಬೇಡ. ಅಲ್ಲಿ ಕೊಡುವ ಠೇವಣಿ ಪ್ರಮಾಣಪತ್ರ ತೋರಿಸಿದರೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ನಿಮ್ಮ ರಾಜ್ಯ ಆ ದಿನ ಎಷ್ಟು ಕೊಡುತ್ತಿದೆ ಎಂದು ಖರೀದಿಗೆ ಮೊದಲೇ ಕೇಳಿ.

ಕ್ಯಾಂಪಿಂಗ್ ಸಾಮಾನು ಸಮೇತ ಮಾರಿದರೆ ಹೆಚ್ಚು ಬೆಲೆ ಬರುತ್ತದೆಯೇ?

ಬರುವುದಿಲ್ಲ. ಕೊಳ್ಳುವವರಿಗೆ ಬೇಕಾಗಿರುವುದು ಗೊಬ್ಬರ, ಬಾಳೆಗೊನೆ ಹೊರುವ ಗಾಡಿ. ನಿಮ್ಮ ಡ್ರಾಯರ್ ಪೆಟ್ಟಿಗೆ ಅವರಿಗೆ ಅಡ್ಡಿ. ಎಲ್ಲ ಬಿಚ್ಚಿಟ್ಟುಕೊಳ್ಳಿ, ಮುಂದಿನ ಗಾಡಿಗೆ ಬರುತ್ತದೆ. ನನ್ನ ಫ್ರಿಜ್, ಬ್ಯಾಟರಿ ಪೆಟ್ಟಿಗೆ, ಸೋಲಾರ್ ಫಲಕ ಮೂರೂ ಮೊದಲ ಗಾಡಿಯಿಂದ ಬಂದವು.

ಮಾಲೀಕತ್ವ ವರ್ಗಾಯಿಸುವ ಫಾರಂ 29, 30 ಸಲ್ಲಿಸಿ ಆರ್‌ಸಿ ಕೊಂಡವರ ಹೆಸರಿಗೆ ಆಗುವವರೆಗೆ ನಿದ್ದೆ ಮಾಡಬೇಡಿ. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತವಾದರೆ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿಗೆ ತಿಳಿಸಿ ಮುಚ್ಚಿಸಿ. ನಾನು ಮರೆತಿದ್ದೆ. ತುಕ್ಕನ್ನು ತೋರಿಸಿಯೇ ಮಾರಿದ ಗಾಡಿ ಅದು. ಕೊಂಡವರು ಚಾಸಿಗೆ ಪ್ಲೇಟ್ ಹಾಕಿಸಿ ತೋಟದೊಳಗಷ್ಟೇ ಓಡಿಸುತ್ತೇನೆ ಎಂದಿದ್ದರು. ಮೂರನೆಯ ವಾರ, ಅದು ನೆಲಮಂಗಲದ ಟೋಲ್ ದಾಟಿತೆಂದು ನನ್ನ ಮೊಬೈಲ್‌ಗೆ ಸಂದೇಶ ಬಂತು.